ತಿಥಿ ಮನೆಯ ಬಾಗಿಲಲ್ಲಿ ನಕ್ಕವಳು

ಚಿನಕುರಳಿಯಲ್ಲಿ ಲಿಂಗಣ್ಣನ ಮಗಳು ಸುಧ ಅಂದರೆ ಈಗಲೂ ಕೆಲವರು, “ಯಾರು, ಒಡುಟ್ಟಿದೋನ್ ತಿಥಿ ದಿನ ಬಾಗ್ಲಲ್ಲಿ ನಿಂತ್ಕಂಡು ನಕ್ಳಲ್ಲ, ಅವ್ಳಾ?” ಅಂತ ಕೇಳುತ್ತಾರೆ. ನಕ್ಕದ್ದು ನಿಜ. ಆದರೆ ಊರೂರು ತಿರುಗಿದ್ದು ಅರ್ಧ ಕತೆ. ಇನ್ನರ್ಧವನ್ನೂ ಯಾರಾದರೂ ಹೇಳಬೇಕಲ್ಲ.

ಸುಧಳನ್ನು ಕೊಟ್ಟದ್ದು ಶ್ರೀರಂಗಪಟ್ಟಣದ ಮಗ್ಗುಲಿನ ಬಾಬುರಾಯನಕೊಪ್ಪಲಿಗೆ. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ. ಅಲ್ಲೇ ಮೈಸೂರು ರಸ್ತೆಯ ಮೇಲೆ ಒಂದು ಹೋಟೆಲ್ ಇದೆ, ಕೆಳಗೆ ಊಟ, ಮೇಲೆ ರೂಮು. ಸುಧ ಅಲ್ಲಿ ಕೆಲಸಕ್ಕೆ ಸೇರುತ್ತೇನೆ ಅಂದಾಗ ತವರೂರಿನ ಹೆಂಗಸರು ಮೂಗು ಮುರಿದರು. “ಲಾಡ್ಜ್ ಕೆಲ್ಸಕ್ಕೋಯ್ತಾಳಂತೆ ಕಣಕ್ಕ!” ಅಪ್ಪ ಅವ್ವ ಆಗಲೇ ಇರಲಿಲ್ಲ. ಅಣ್ಣ ಕನಕರಾಜು ಮಾತ್ರ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಹೋಟೆಲಿನ ಗೇಟಿನ ಮುಂದೆ ಇಳಿಸಿದ. “ಯಾರಾರ ಏನಾರ ಅಂದ್ರೆ ನಂಗೇಳು. ನೀನ್ ತಲೆ ಎತ್ಕಂಡ್ ವೋಗು” ಅಂದ.

ಮೊದಲು ರೂಮುಗಳ ಹಾಸಿಗೆ ಬಟ್ಟೆ ಬದಲಿಸುವ ಕೆಲಸ. ಆಮೇಲೆ ರಿಸೆಪ್ಷನ್ ಕೌಂಟರು. ಅವಳನ್ನು ಕೌಂಟರಿಗೆ ತಂದು ನಿಲ್ಲಿಸಿದವನು ಮ್ಯಾನೇಜರ್ ದಿಲೀಪ್. ಒಳ್ಳೆಯವನೇ. ಮಾಲೀಕರ ಎದುರು ಅವನೂ ದಿನವಿಡೀ ಹಲ್ಲು ಬಿಟ್ಟುಕೊಂಡೇ ಇರಬೇಕು. “ಜನ ರೂಮಿಗೆ ಬರಲ್ಲ ಸುಧಾ ಅವ್ರೆ, ಮುಖ ನೋಡಿ ಬರ್ತಾರೆ” ಅಂತ ಹೇಳಿ, ಕನ್ನಡಿ ಮುಂದೆ ನಿಲ್ಲಿಸಿ ನಗುವುದನ್ನು ಕಲಿಸಿದ. ಹೊರಡುವ ಗಿರಾಕಿಯ ಹಿಂದೆ ಬಾಗಿಲ ತನಕ ಹೋಗಬೇಕು. ಕೈ ಮುಗಿಯಬೇಕು. ನಗುತ್ತಾ “ಮತ್ತೆ ಬನ್ನಿ” ಅನ್ನಬೇಕು. ಬೈದು ಹೋಗುವವರಿಗೂ ಅಷ್ಟೇ, ಜ್ವರ ಬಂದ ದಿನವೂ ಅಷ್ಟೇ.

ಒಂದು ದಿನ ಗಂಡನ ಆಟೊ ಪಲ್ಟಿಯಾಗಿ ಕೈ ಮುರಿದ ಸುದ್ದಿ ಬಂತು. ಆ ಹೊತ್ತಿಗೆ ಮದುವೆ ದಿಬ್ಬಣದವರು ಹೊರಟು ನಿಂತಿದ್ದರು. ಸುಧ ಒಬ್ಬೊಬ್ಬರಿಗೂ ಕೈ ಮುಗಿದು, ನಕ್ಕು, ಕೊನೆಯ ಕಾರು ಗೇಟು ದಾಟಿದ ಮೇಲೆ ಆಸ್ಪತ್ರೆಗೆ ಓಡಿದಳು.

ಮನೆಗೆ ಬಂದರೆ ಮಾತಿಲ್ಲ. ಗಂಡ ರೇಗುತ್ತಿದ್ದ: “ಅಲ್ಲಿ ಬರೋರ್ಗೋಗೋರ್ಗೆಲ್ಲ ನಗ್ತಾ ನಿಂತಿರ್ತೀಯ, ಇಲ್ ಬಂದ್ರೆ ಮೂತಿ ಊದಿಸ್ಕತೀಯ.”

“ಮಕ ಸೋತೋಗದೆ ಕಣ್ರೀ. ವಸಿ ಸುಮ್ಕಿರಾಕ್ ಬುಡಿ.”

ಅಷ್ಟರಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಯಿತು. ಈ ಸಲ ನಿಮಗೇ ಅಂತ ದಿಲೀಪ್ ಹೇಳಿಯೂ ಆಗಿತ್ತು.

ಆ ತಿಂಗಳೇ ಕನಕರಾಜು ಹೋಗಿಬಿಟ್ಟ. ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಳಿತ, ಏಳಲೇ ಇಲ್ಲ. ಊರಲ್ಲಿ ಕೆಲಸವಿದೆ ಅಂತಷ್ಟೇ ಹೋಟೆಲಿನಲ್ಲಿ ಹೇಳಿ ಸುಧ ಬಂದು ನೋಡಿದಳು. ಅತ್ತಿಗೆ ಹೇಮ ಹೆಣದ ಮೇಲೆ ಬಿದ್ದು, ಮದುವೆಯಾಗಿ ಬಂದ ದಿನದಿಂದ ಹಿಡಿದು ಒಂದೊಂದನ್ನೇ ಹೇಳಿಕೊಂಡು ಅಳುತ್ತಿದ್ದಳು. ಸುಧಳ ಕಣ್ಣಲ್ಲಿ ನೀರು ಬರಲಿಲ್ಲ. ಏನು ಮಾಡಬೇಕೋ ತೋಚದೆ, ಬಂದವರಿಗೆ ಕುರ್ಚಿ ಹಾಕಿದಳು. ನೀರು ಕೊಟ್ಟಳು. ಮುದುಕಿಯರನ್ನು ಕೈ ಹಿಡಿದು ನೆರಳಿಗೆ ಕೂರಿಸಿದಳು.

“ಕಲ್ಲು ಕಣವ್ವ” ಅಂದರು ಹೆಂಗಸರು. “ಸ್ವಂತ ಅಣ್ಣ ಬಿದ್ದವ್ನೆ, ಓಟ್ಲು ನಡುಸ್ತಾವ್ಳೆ.”

ಹನ್ನೊಂದನೆಯ ದಿನ ತಿಥಿ. ಸಾವಿನ ಮನೆಗೆ ಬಂದವರು ಹೊರಡುವಾಗ “ಬತ್ತೀನಿ” ಅನ್ನುವಂತಿಲ್ಲ, ಮನೆಯವರು “ಹೋಗ್ಬನ್ನಿ” ಅನ್ನುವಂತಿಲ್ಲ. ಉಂಡವರು ಕೈ ತೊಳೆದು ಸದ್ದಿಲ್ಲದೆ ಎದ್ದು ಹೋಗಬೇಕು. ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಸುಧಳಿಗೂ ಗೊತ್ತಿತ್ತು. ಬೆಳಗಿನಿಂದ ಎಲೆ ಹಾಕಿ, ಬಡಿಸಿ, ಎತ್ತಿ ಸೊಂಟ ಬಿದ್ದುಹೋಗಿತ್ತು. ಉಸಿರಾಡಲು ಬಾಗಿಲಿಗೆ ಬಂದು ನಿಂತಳು. ಅದೇ ಹೊತ್ತಿಗೆ ದೊಡ್ಡಪ್ಪನ ವರಸೆಯ ಚಿಕ್ಕಮಾದಯ್ಯ ಹೆಗಲಿಗೆ ಟವಲು ಹಾಕಿಕೊಂಡು ಹೊಸಿಲು ದಾಟಿದ. ಸುಧಳ ಕೈ ತಾನಾಗಿ ಮೇಲೆ ಬಂತು. ತಲೆ ವಾಲಿತು, ತುಟಿ ಅರಳಿತು.

“ಊಟ ಚೆನ್ನಾಗಿತ್ತಾ? ಮತ್ತೆ ಬನ್ನಿ.”

ಮುದುಕ ನಿಂತಲ್ಲೇ ನಿಂತ. ಅಂಗಳದಲ್ಲಿದ್ದವರೆಲ್ಲ ಇವಳ ಕಡೆ ತಿರುಗಿದರು. ಒಳಗಿದ್ದ ಹೇಮ ಎದ್ದು ಬಂದಾಗಲೂ ಆ ನಗು ಇಳಿದಿರಲಿಲ್ಲ.

“ಮತ್ತೆ ಯಾಕೆ ಬರ್ಬೇಕೆ ಅವ್ರು? ಈಗಿನ್ಯಾರ್ ಸಾಯ್ಬೇಕು ಈ ಮನೇಲಿ?”

“ಅತ್ಗೆ... ಗ್ಯಾನ ಇರ್ನಿಲ್ಲ, ಬಾಯಿಗ್ ಬಂದ್ಬುಡ್ತು.”

“ಬಾಯಿಗ್ ಬಂತು, ಸರಿ. ಮಕದ್ ಮ್ಯಾಲೆ ನಗು ಎಲ್ಲಿಂದ ಬಂತು?”

ಸುಧ ಸೆರಗೆಳೆದು ಬಾಯಿ ಮುಚ್ಚಿಕೊಂಡಳು.

“ಅವ್ರೂ ಬರ್ಬ್ಯಾಡ, ನೀನೂ ಬರ್ಬ್ಯಾಡ” ಅಂದಳು ಹೇಮ. “ನಿಮ್ಮಣ್ಣನ್ ಜೊತೇಲೆ ನಿನ್ ತವ್ರೂ ಮುಗೀತು ಅನ್ಕೊ.”

ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಸುಧ ಫೋನ್ ಮಾಡಿದರೆ ಹೇಮ ಎತ್ತಲಿಲ್ಲ. ಒಂದು ಭಾನುವಾರ ಊರಿಗೆ ಅಂತ ಪಾಂಡವಪುರದ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದಳು. ಬಾಗಿಲು ಹಾಕಿಕೊಂಡರೆ? ನಾಲ್ಕು ಜನರ ಮುಂದೆ ಕಳಿಸಿಬಿಟ್ಟರೆ? ಸೂಪರ್‌ವೈಸರ್ ಕೆಲಸದ ಮಾತು ಬಂದಾಗಲೂ ಅವಳ ಮನಸ್ಸು ಚಿನಕುರಳಿಯ ಆ ಹೊಸಿಲಲ್ಲೇ ನಿಂತಿರುತ್ತಿತ್ತು. ಆದರೆ ಕೌಂಟರಿಗೆ ಬಂದರೆ ಮುಖ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು.

ಒಂದು ಮಧ್ಯಾಹ್ನ ಹೇಮ ತಾನೇ ಹೋಟೆಲಿಗೆ ಬಂದಳು. ರಾಜಿಗಲ್ಲ. ತಿಥಿ ಅಡುಗೆಗೆ ಅಂತ ಸುಧ ತಂದಿದ್ದ ದೊಡ್ಡ ಸ್ಟೀಲ್ ಪಾತ್ರೆ ಮನೆಯಲ್ಲೇ ಉಳಿದಿತ್ತು. ಅವಳದೊಂದು ಸಾಮಾನೂ ನಮ್ಮನೆಯಲ್ಲಿ ಬೇಡ ಅಂತ ಅದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಬಾಗಿಲ ಹತ್ತಿರ ಬಂದವಳು ಒಳಗಿನ ಕೂಗಾಟ ಕೇಳಿ ಅಲ್ಲೇ ನಿಂತಳು. ರೂಮು ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬ ಬೀಗದ ಕೈಯನ್ನು ಕೌಂಟರಿನ ಮೇಲೆ ಎಸೆದ. ಅದು ಪುಟಿದು ಸುಧಳ ಎದೆಗೆ ಬಡಿದು ಕೆಳಗೆ ಬಿತ್ತು. “ಬಿಸಿನೀರು ಕೊಡೋ ಯೋಗ್ಯತೆ ಇಲ್ಲ. ನಿನ್ನಂಥವಳನ್ನ ಇಲ್ಲಿ ನಿಲ್ಸವ್ರಲ್ಲ, ಅವರಿಗೆ ಹೇಳ್ಬೇಕು” ಅಂದ. ಇನ್ನೂ ಏನೇನೋ ಅಂದ, ಬರೆಯುವಂಥದ್ದಲ್ಲ.

ಸುಧ ಬಗ್ಗಿ ಬೀಗದ ಕೈ ಎತ್ತಿಕೊಂಡಳು. “ತಪ್ಪಾಯ್ತು ಸರ್” ಅಂದಳು. ಅವನ ಹಿಂದೆಯೇ ಬಾಗಿಲ ತನಕ ನಡೆದು ಬಂದು, ಕೈ ಮುಗಿದು, ತಲೆ ವಾಲಿಸಿ, ನಕ್ಕು, “ಮತ್ತೆ ಬನ್ನಿ ಸರ್” ಅಂದಳು.

ತಲೆ ಎತ್ತಿದರೆ ಎದುರಿಗೆ ಅತ್ತಿಗೆ.

ಹೇಮ ಆ ಮುಖವನ್ನೇ ನೋಡಿದಳು. ಅಂದು ತಿಥಿ ದಿನ ಕಂಡದ್ದು ಇದೇ, ಒಂದು ಗೆರೆ ಆಚೀಚೆಯಿಲ್ಲ. ಆ ಮುಖಕ್ಕೆ ಇನ್ನೂ ಅತ್ತಿಗೆ ಬಂದದ್ದು ಗೊತ್ತಾದಂತಿರಲಿಲ್ಲ. ನಗು ಇಳಿಯಲೇ ಇಲ್ಲ.

“ಅಷ್ಟೊಂದ್ ಬೋದ್ನಲ್ಲೆ ಅವ್ನು” ಅಂದಳು ಹೇಮ ಮೆಲ್ಲಗೆ.

“ಬೈತಾರೆ ಅತ್ಗೆ. ದಿನಾ ಬೈತಾರೆ.”

“ನೋಯಾಕಿಲ್ವೇನೆ?”

“ಗೊತ್ತಾಗಾಕಿಲ್ಲ ಅತ್ಗೆ” ಅಂದಳು. “ಅಣ್ಣ ಸತ್ತಿದ್ದೂ ಗೊತ್ತಾಗ್ನಿಲ್ಲ.”

ಹೇಮ ಚೀಲ ಕೆಳಗಿಟ್ಟಳು. ನಾದಿನಿಯ ಮುಖವನ್ನು ಎರಡು ಕೈಯಲ್ಲೂ ಹಿಡಿದು, ಎಳೆ ಮಗುವಿನ ಬಾಯಿ ಒರೆಸಿದ ಹಾಗೆ ಸೆರಗಿನಿಂದ ಒರೆಸಿದಳು. ಸುಧ ಅಲ್ಲೇ ನೆಲಕ್ಕೆ ಕುಸಿದು, “ಅಣ್ಣಾ” ಅಂದಳು. ಬೈಕಿನಲ್ಲಿ ಕೂರಿಸಿಕೊಂಡು ಬಂದೆಯಲ್ಲಣ್ಣ, ತಲೆ ಎತ್ತಿಕೊಂಡು ಹೋಗು ಅಂದೆಯಲ್ಲಣ್ಣ ಅಂತ ಹೆಂಗಸರು ಅಳುವ ಹಾಗೆಯೇ ಒಂದೊಂದನ್ನೇ ಹೇಳಿಕೊಂಡು ಅತ್ತಳು. ಊಟಕ್ಕೆ ಕುಳಿತಿದ್ದವರು ತುತ್ತು ಹಿಡಿದುಕೊಂಡು ಇತ್ತ ನೋಡಿದರು.

ದಿಲೀಪ್ ಓಡಿ ಬಂದ. “ಸುಧಾ ಅವ್ರೆ, ಏನಿದು? ಗೆಸ್ಟ್ ಎಲ್ಲ ಇದ್ದಾರೆ. ಒಳಗಾದ್ರೂ ಹೋಗಿ. ಮಾಲೀಕರು ಬರೋ ಹೊತ್ತು.”

ಹೇಮ ಅವನಿಗೂ ಸುಧಳಿಗೂ ನಡುವೆ ಬಂದು ಕೂತಳು. “ಅವ್ಳ್ ಅಣ್ಣ ತೀರ್ಕಂಡವ್ನೆ ಸ್ವಾಮಿ” ಅಂದಳು. “ಅಳ್ತಾವ್ಳೆ. ತಡೀರಿ.”

“ಯಾವಾಗ?” ಅಂದ ದಿಲೀಪ್ ಗಾಬರಿಯಾಗಿ.

“ಎಂದೋ. ಅವ್ಳಿಗೆ ಇವತ್ತು.”

ಸೂಪರ್‌ವೈಸರ್ ಕೆಲಸ ಜೊತೆಯ ಹುಡುಗಿ ಧನುಶ್ರೀಗೆ ಆಯಿತು. ಅಷ್ಟು ಜನರ ಮುಂದೆ ನೆಲದ ಮೇಲೆ ಕೂತು ಅತ್ತವಳನ್ನು ಮಾಲೀಕರು ಒಪ್ಪಲಿಲ್ಲ ಅಂತ ದಿಲೀಪ್ ತಲೆ ತಗ್ಗಿಸಿಕೊಂಡೇ ಹೇಳಿದ. ಸುಧ ಕೌಂಟರಿನಲ್ಲೇ ಉಳಿದಳು.

ಗೌರಿ ಹಬ್ಬ ಬಂತು. ಸಾವಾದ ವರ್ಷ, ಆ ಮನೆಯಲ್ಲಿ ಹಬ್ಬವಿಲ್ಲ, ಮಗಳಿಗೆ ಬಾಗಿನವೂ ಇಲ್ಲ. ಆದರೂ ಹೇಮ ಫೋನ್ ಮಾಡಿ, “ರಜ ಆಕ್ಬುಟ್ಟು ಬಾ. ಏನೂ ಮಾಡಾಕಿಲ್ಲ, ಸುಮ್ಕೆ ಇದ್ದೋಗೀವಂತೆ” ಅಂದಳು. ಸುಧ ಹೋದಳು. ಇಬ್ಬರೂ ಅಲಸಂದೆ ಕಾಯಿ ಸುಲಿಯುತ್ತಾ ಜಗುಲಿಯಲ್ಲಿ ಕೂತಿದ್ದರು, ಸುಧ ನಗಲಿಲ್ಲ, ಹೇಮ ಯಾಕೆ ಅಂತ ಕೇಳಲೂ ಇಲ್ಲ.