ದೂರದಿಂದ ಮುರಿದ ನೆಟಿಗೆ

ಮೊನ್ನೆ ಸಂಜೆ ಕಾಫಿ ಸೋಸಿಕೊಂಡು ಕುರ್ಚಿಗೆ ಬೆನ್ನು ಕೊಡುವ ಹೊತ್ತಿಗೆ ಗಂಟಲು ಕೆರೆಯತೊಡಗಿತು. ಒಂದು ಸೀನು, ಹಿಂದೆಯೇ ಇನ್ನೊಂದು. ಕಣ್ಣಲ್ಲಿ ನೀರು. ಹುಣಸೂರಿನ ನಮ್ಮ ಬೀದಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಕೆಮ್ಮುತ್ತಾರೆ. ಆದರೆ ಇದು ಒಗ್ಗರಣೆಯಲ್ಲ. ಪಕ್ಕದ ಮನೆಯವರು ಬಾಣಂತನಕ್ಕೆ ಬಂದ ಮಗಳ ಕೂಸಿಗೆ ದೃಷ್ಟಿ ತೆಗೆದು, ಉಪ್ಪು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದ್ದರು. ಆ ಘಾಟು ನನ್ನನ್ನು ಎಬ್ಬಿಸಿಕೊಂಡು ಸೀದಾ ಕಟ್ಟೆಮಳಲವಾಡಿಯಾಚೆಯ ಒಂದು ಮನೆಯ ಜಗಲಿಗೆ ಒಯ್ದು ಕೂರಿಸಿತು. ಬನ್ನಿ, ನೀವೂ ಕೂರಿ. ಮೂಗಿಗೆ ಸೆರಗೋ ಕರ್ಚೀಫೋ ಹಿಡಿದುಕೊಂಡರೆ ಒಳ್ಳೆಯದು.

ಆ ಕಾಲದಲ್ಲಿ ನನ್ನದು ಮನೆಗಳಿಗೆ ಹೋಗಿ ಪಾಠ ಹೇಳುವ ಕೆಲಸ. ಶಾಲೆಗೆ ಬರಲಾಗದ ಮಕ್ಕಳು ಎಲ್ಲಿದ್ದಾರೋ ಅಲ್ಲಿಗೆ ನಾನೇ ಸ್ಕೂಟರ್ ಓಡಿಸಿಕೊಂಡು ಹೋಗಬೇಕು. ಬೆನ್ನಿಗೊಂದು ಚೀಲ, ಅದರ ತುಂಬ ಬಣ್ಣದ ಚಿತ್ರಗಳು, ಗಿಲಕಿ, ಮರದ ಆಟಿಕೆ. ಊರ ನಾಯಿಗಳು ನನ್ನನ್ನು ಬಳೆ ಮಾರುವವಳು ಎಂದುಕೊಂಡಿದ್ದವು. ಕೆಲವು ಮನೆಯವರೂ ಹಾಗೇ ಅಂದುಕೊಂಡು, ‘ಇವತ್ತು ಏನೂ ಬ್ಯಾಡ, ವೋಗವ್ವ’ ಎಂದು ಸಾಗಹಾಕಿದ್ದುಂಟು.

ಆ ಮನೆಗೆ ಮೊದಲ ಸಲ ಹೋದಾಗ ಹೊಗೆಸೊಪ್ಪು ಬೇಯಿಸುವ ಕಾಲ. ಹಿತ್ತಲಿನ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಗೂಡಿನಲ್ಲಿ, ಬೆಂಕಿ ಉರಿಯುತ್ತಿತ್ತು. ಹಸಿ ಎಲೆ ಬೇಯುವ ಸಿಹಿವಾಸನೆ ಊರಿಗೆಲ್ಲ ಹರಡಿತ್ತು. ಜಗಲಿಯ ತುಂಬ ಎಲೆ ರಾಶಿ, ರಾಶಿಯ ಸುತ್ತ ಕಡ್ಡಿಗೆ ಎಲೆ ಕಟ್ಟುವ ಹೆಂಗಸರು. ಅವರೆಲ್ಲರ ನಡುವೆ ಮನೆಯ ಹಿರಿಯಳು ದೊಡ್ಡತಾಯಮ್ಮ ಕೆಂಡದ ಬಾಣಲೆ ಇಟ್ಟುಕೊಂಡು, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಮೊಮ್ಮಗಳಿಗೆ ನೀವಾಳಿಸುತ್ತಿದ್ದಳು. ಮೊಮ್ಮಗಳು ಸಿಂಚನ. ಐದು ದಾಟಿದ ಹುಡುಗಿ, ತಾಯಿಯ ತೋಳಿನಿಂದ ಬಿಡಿಸಿಕೊಳ್ಳಲು ಮೀನಿನಂತೆ ಒದ್ದಾಡುತ್ತಿದ್ದಳು. ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ಜಗಲಿಯೆಲ್ಲ ಕೆಮ್ಮಿತು. ನಾನು ಮೆಟ್ಟಿಲ ಮೇಲೇ ನಿಂತು ಕೆಮ್ಮಿದೆ.

ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎಂಬ ನಂಬಿಕೆ ನಿಮಗೂ ಗೊತ್ತಿರಬೇಕು. ದೊಡ್ಡತಾಯಮ್ಮ ಧಾರಾಕಾರ ಕಣ್ಣೀರು ಸುರಿಸುತ್ತ ನನ್ನ ಕಡೆ ತಿರುಗಿ, ‘ನೋಡಿ ಮೇಡಮ್ಮೋರೆ, ಒಂಚೂರಾದ್ರೂ ಘಾಟು ಬಂತಾ? ಬರಾಕಿಲ್ಲ. ಅಷ್ಟು ಜೋರು ಕಣ್ಣಾಗದೆ ಮಗೀಗೆ’ ಎಂದಳು. ನಾನು ಇಲ್ಲವೆನ್ನಬೇಕೆಂದು ಬಾಯಿ ತೆರೆದೆ, ಕೆಮ್ಮೇ ಬಂತು.

ಆಮೇಲೆ ಅವಳು ಎರಡು ಅಂಗೈಗಳಿಂದ ಮಗುವಿನ ಕೆನ್ನೆಯನ್ನು ಮೇಲಿನಿಂದ ಕೆಳಗೆ ಮೃದುವಾಗಿ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿದಳು. ನಮ್ಮ ಕಡೆ ಹಿರಿಯ ಹೆಂಗಸರು ಮಕ್ಕಳ ಮೇಲಿನ ಪ್ರೀತಿಯನ್ನೆಲ್ಲ ಸುರಿಯುವುದು ಈ ನೆಟಿಗೆಯಲ್ಲೇ. ಸಿಂಚನ ಕಿಟಾರನೆ ಕಿರುಚಿ ಅಜ್ಜಿಯ ಮಣಿಕಟ್ಟಿಗೆ ಬಾಯಿ ಹಾಕಿದಳು. ಅಲ್ಲಿಂದ ಓಡಿ ಮೂಲೆಯ ಗೋಣಿಚೀಲದ ರಾಶಿಯೊಳಗೆ ನುಸುಳಿ ಮಾಯವಾದಳು. ಎಲೆ ಕಟ್ಟುತ್ತಿದ್ದವರು ಒಬ್ಬರಾದ ಮೇಲೊಬ್ಬರು ಮರುಕಪಟ್ಟರು. ಅಳು ನಿಲ್ಲದ್ದರಿಂದ ಇನ್ನೊಂದು ಮುಷ್ಟಿ ಮೆಣಸಿನಕಾಯಿ ಬಂತು.

ಆ ಮನೆಯ ದಿನಚರಿ ಹಾಗಿತ್ತು. ಮುಟ್ಟಿದರೆ ಅಳು, ಅತ್ತರೆ ದೃಷ್ಟಿ, ದೃಷ್ಟಿ ತೆಗೆಯಲು ಮತ್ತೆ ಮುಟ್ಟುವುದು.

ಸಿಂಚನಳ ಅಪ್ಪ ಮಹದೇವ ಬ್ಯಾರನ್ನಿನ ಒಲೆ ಬಾಯಿಂದ ಎದ್ದು ಬಂದು ಮೈಸೂರಿನ ಆಸ್ಪತ್ರೆಯ ಕತೆ ಹೇಳಿದ. ‘ದೊಡ್ಡ ಡಾಕ್ಟ್ರು ಆಟಿಸಂ ಅಂದ್ರು ಕಣ್ರೀ. ಅಂದ್ಮೇಲೆ ಒಂದ್ ಮಾತ್ರೆನಾದ್ರೂ ಕೊಡ್ಬೇಕಲ್ವಾ? ಕೊಡ್ನಿಲ್ಲ. ಮಾತಾಡ್ಸಿ, ಆಟ ಆಡ್ಸಿ ಅಂದ್ರು. ಅದ್ಕೆ ಮೈಸೂರ್ಗಂಟ ವೋಗ್ಬೇಕಿತ್ತಾ?’ ಅವನ ಮಾತಿನಲ್ಲಿ ಕೋಪಕ್ಕಿಂತ ಸೋಲು ಹೆಚ್ಚಿತ್ತು.

ನಾನು ಚೀಲದಿಂದ ಚಿತ್ರಪಟ ಹೊರತೆಗೆದು ಭಾಷಣ ಶುರುಮಾಡಿದೆ. ಇದು ಕಾಯಿಲೆಯಲ್ಲ, ಯಾರ ಶಾಪವೂ ಅಲ್ಲ, ತಾಯಿ ಬಸುರಿಯಾಗಿದ್ದಾಗ ಮಾಡಿದ ತಪ್ಪೂ ಅಲ್ಲ. ಈ ಮಗುವಿನ ಮಿದುಳು ಸದ್ದು, ಬೆಳಕು, ಸ್ಪರ್ಶವನ್ನು ಬೇರೆ ರೀತಿಯಲ್ಲಿ ತೆಗೆದುಕೊಳ್ಳುತ್ತದೆ, ಅಷ್ಟೆ. ಎಲ್ಲ ಸರಿಯಾಗಿಯೇ ಹೇಳಿದೆ, ಬೇಕಾದ್ದಕ್ಕಿಂತ ಉದ್ದವಾಗಿ ಹೇಳಿದೆ. ಮುಗಿಸಿ ನೋಡಿದರೆ ದೊಡ್ಡತಾಯಮ್ಮ ಕಂಬಕ್ಕೊರಗಿ ನಿದ್ದೆ ಹೋಗಿದ್ದಳು. ಮಹದೇವ ಯಾವಾಗಲೋ ಒಲೆಯ ಹತ್ತಿರ ಹೋಗಿಬಿಟ್ಟಿದ್ದ. ಬ್ಯಾರನ್ನಿನ ಬೆಂಕಿ ನನ್ನ ಭಾಷಣಕ್ಕಾಗಿ ಕಾಯುವಂಥದ್ದಲ್ಲ.

ಕೇಳಿಸಿಕೊಂಡವಳು ಒಬ್ಬಳೇ, ತಾಯಿ ಸವಿತಾ. ಸ್ಕೂಟರ್ ತನಕ ಹಿಂದೆಯೇ ಬಂದಳು. ಕೈಗೆ ಎಲೆಯ ಕಪ್ಪು ಅಂಟು ಮೆತ್ತಿತ್ತು. ‘ಸೊಪ್ಪಿನ ಕೆಲ್ಸ ಮುಗುದ್ಮೇಲೆ ಮಗೀನ ಮೈಸೂರಲ್ಲಿ ಇಂತಾ ಮಕ್ಳ ಹಾಸ್ಟ್ಲಿಗೆ ಸೇರುಸ್ತಾರಂತೆ ಮೇಡಂ. ಅತ್ತೇನೂ ಊಂ ಅಂದವ್ರೆ. ನಮ್ಮನ್ನ ಕಂಡ್ರೆ ಅದ್ಕೆ ಆಗಕಿಲ್ಲ, ಎಲ್ಲಿದ್ರೇನು ಅಂತವ್ರೆ’ ಎಂದಳು. ಅಲ್ಲಿಗೆ ನಿಲ್ಲಿಸಿ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ‘ನಾನು ಕಳ್ಸಕಿಲ್ಲ. ಏನ್ ಮಾಡ್ಬೇಕು ಅಂತ ಮಾತ್ರ ನೀವು ಏಳ್ಕೊಡಿ. ಮಿಕ್ಕಿದ್ದು ನಾನ್ ನೋಡ್ಕತೀನಿ.’

ನಾನು ಸ್ವಭಾವತಃ ಹಟಮಾರಿ. ನನಗಿಂತ ಹಟಮಾರಿಯೊಬ್ಬಳು ಸಿಕ್ಕಿದರೆ ನನಗೆ ಹಬ್ಬ. ಅಂದಿನಿಂದ ಆ ಮನೆಗೆ ವಾರವಾರವೂ ಹೋದೆ, ಮಳೆ ಬಂದರೂ ಹೋದೆ. ಚಿತ್ರಪಟವನ್ನು ಮನೆಯಲ್ಲೇ ಬಿಟ್ಟು, ಬಾಯನ್ನೂ ಸ್ವಲ್ಪ ಮನೆಯಲ್ಲೇ ಬಿಟ್ಟು ಹೋದೆ. ಸುಮ್ಮನೆ ಕೂತು ಹುಡುಗಿಯನ್ನು ನೋಡುವುದೇ ಕೆಲಸ. ಅವಳು ಗೋಣಿಚೀಲದ ರಾಶಿಯನ್ನು ಮೈಮೇಲೆ ಎಳೆದುಕೊಂಡರೆ ಸಮಾಧಾನವಾಗುತ್ತಿದ್ದಳು. ಸವಿತಾ ಬಿಗಿಯಾಗಿ ಅಪ್ಪಿದರೆ ಸುಮ್ಮನಿರುತ್ತಿದ್ದಳು. ಯಾರಾದರೂ ಹಗುರವಾಗಿ ಕೆನ್ನೆ ಸವರಿದರೆ, ಗಲ್ಲ ಚಿವುಟಿದರೆ ಮೈಗೆ ಬೆಂಕಿ ತಾಗಿದವರಂತೆ ಕಿರುಚುತ್ತಿದ್ದಳು. ಕಿವಿಯ ಹತ್ತಿರ ಲಟಕ್ಕೆಂದರೆ ಮುಗಿಯಿತು. ಭಾರ ಬೇಕು, ಹಗುರ ಬೇಡ. ನಾವು ಕೂಸುಗಳನ್ನು ಮುದ್ದಿಸುವ ರೀತಿಗೆ ತದ್ವಿರುದ್ಧ.

ಇದನ್ನು ಹೇಳಿದ್ದೇ ತಡ, ಸವಿತಾ ಬಾಗಿಲಲ್ಲಿ ಪೊಲೀಸಿನವಳಂತೆ ನಿಂತಳು. ಎಲೆ ಕಟ್ಟಲು ಬಂದವರು, ನೆಂಟರು, ಹಾಲಿನ ಡೇರಿಗೆ ಹೋಗುವ ದಾರಿಯಲ್ಲಿ ಇಣುಕುವವರು, ಎಲ್ಲರಿಗೂ ಒಂದೇ ಮಾತು. ‘ಮಗೀನ ಮುಟ್ಬೇಡಿ. ದೂರದಿಂದ್ಲೇ ಮಾತಾಡ್ಸಿ.’ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಕಡೆ ಮಗುವೆಂದರೆ ಊರಿನ ಸೊತ್ತು, ಯಾರು ಬೇಕಾದರೂ ಎತ್ತಬಹುದು, ಮೂಗು ಒರೆಸಬಹುದು, ಬೈಯಲೂಬಹುದು. ಗಾವಡಗೆರೆಯಿಂದ ಬಂದ ನಾದಿನಿ, ‘ಮುಟ್ಟಿದ್ರೆ ಸವುದೋದಾಳಾ ನಿನ್ ಮಗ್ಳು?’ ಎಂದು ಊಟ ಮಾಡದೆ ಹೊರಟುಹೋದಳು. ಸವಿತಾ ಬಾಗಿಲು ಬಿಟ್ಟು ಕದಲಲಿಲ್ಲ.

ಕೊನೆಗೆ ಆ ಬಾಗಿಲಲ್ಲಿ ದೊಡ್ಡತಾಯಮ್ಮನೇ ಎದುರಾದಳು. ಆವತ್ತು ನಾನೂ ಇದ್ದೆ. ‘ಕುರಿ ಮೇಯ್ಸೋರು, ಕೂಲಿಯೋರು ಮುಟ್ಬಾರ್ದು ಅಂದ್ರೆ ಒಪ್ಕತೀನಿ. ನಾನೂ ಮುಟ್ಬಾರ್ದೇನೇ? ನಿನ್ ಗಂಡನ್ನ ಸಾಕ್ದವ್ಳು ನಾನು!’ ಮುದುಕಿಯ ಮಣಿಕಟ್ಟಿನಲ್ಲಿ ಹಲ್ಲಿನ ಗುರುತು ಇನ್ನೂ ಇತ್ತು. ಈ ಅಜ್ಜಿ ಒಪ್ಪದಿದ್ದರೆ ಹುಡುಗಿ ಆ ಮನೆಯಲ್ಲಿ ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

‘ಅವ್ವ, ನಿಮ್ಮ ಮೈಗೆ ಯಾವತ್ತಾದರೂ ನಸುಗುನ್ನಿ ಸೋಕಿದೆಯಾ?’ ಎಂದು ಕೇಳಿದೆ.

‘ಅಯ್ಯೋ, ಬುಡಿ. ಬೇಲಿ ಸೌದೆಗೆ ವೋಗಿ ಸೋಕುಸ್ಕಂಡು, ಮೈಯೆಲ್ಲ ಪರಪರ ಕೆರ್ಕಂಡು ಕೆರೆಗೇ ಬಿದ್ದಿದ್ದೆ.’

‘ಯಾರಾದರೂ ಕೆನ್ನೆ ಸವರಿದರೆ ಸಿಂಚನಳಿಗೆ ಹಾಗಾಗುತ್ತೆ. ನಿಮ್ಮನ್ನು ಕಂಡರೆ ಆಗಲ್ಲ ಅಂತಲ್ಲ. ನಿಮ್ಮ ಕೈ ಅವಳಿಗೆ ಹಾಗೆ ಉರಿಯುತ್ತೆ.’

ಮುದುಕಿ ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಬಹಳ ಮೆತ್ತಗೆ, ‘ಅಂಗಾರೆ ಕಣ್ಣಾದ್ರೆ ಏನ್ ಮಾಡಾದು? ಅಂಗೇ ಬುಟ್ಬುಡಾದಾ ಮಗೀನ?’ ಎಂದಳು.

ನಾನು ದೃಷ್ಟಿಯೆಲ್ಲ ಸುಳ್ಳು ಎಂದು ಶುರುಮಾಡಿದ್ದರೆ ಮುದುಕಿ ಮತ್ತೆ ಕಂಬಕ್ಕೊರಗುತ್ತಿದ್ದಳು. ಸವಿತಾ ಬಾಯಿ ಹಾಕಿದಳು. ‘ಅತ್ತೆ, ಕಣ್ಣು ಬೀಳಾದು ದೂರದಿಂದ್ಲೇ ಅಲ್ವಾ? ಯಾರೂ ಬಂದು ಮುಟ್ಟಿ ಕಣ್ಣಾಕಕಿಲ್ಲ. ದೂರದಿಂದ ಬಿದ್ದದ್ದು ದೂರದಿಂದ್ಲೇ ವೋಗ್ದೆ ಇನ್ನೇನಾಗದು? ಅಲ್ಲೇ ನಿಂತ್ಕಂಡು ತಗೀರಿ.’

ನಾನು ಓದಿದ ಯಾವ ತರಬೇತಿಯಲ್ಲೂ ಈ ಪಾಠವಿರಲಿಲ್ಲ. ದೊಡ್ಡತಾಯಮ್ಮ ಹೊಸಿಲಿನ ಈಚೆಯೇ ನಿಂತು, ಒಳಗೆ ಗೋಣಿಚೀಲ ಹೊದ್ದು ಕೂತಿದ್ದ ಮೊಮ್ಮಗಳ ಕಡೆಗೆ ಕೈ ಚಾಚಿ, ಗಾಳಿಯಲ್ಲೇ ಅವಳ ಕೆನ್ನೆಯನ್ನು ಮೇಲಿನಿಂದ ಕೆಳಗೆ ಸವರಿದಳು. ಬೆರಳು ಕಣತಲೆಗೆ ಒತ್ತಿದಳು. ಲಟಕ್ಕೆಂದಿತು, ದೂರದಲ್ಲಿ, ಸಣ್ಣಗೆ. ಸಿಂಚನ ಕಿರುಚಲಿಲ್ಲ. ಗೋಣಿಚೀಲದ ಸಂದಿಯಿಂದ ಅಜ್ಜಿಯ ಕೈಗಳನ್ನೇ ನೋಡಿದಳು.

‘ನೋಡ್ತು ಕಣೇ! ನನ್ನ ನೋಡ್ತು!’ ಎಂದು ಮುದುಕಿ ಕೂಗಿದಳು. ಆ ಕೂಗಿಗೆ ಹುಡುಗಿ ಕಿವಿ ಮುಚ್ಚಿಕೊಂಡಳು ಅನ್ನಿ. ಸವಿತಾ ಆವತ್ತು ಮೊದಲ ಸಲ ಅತ್ತಳು, ನನಗೂ ತಡೆಯಲಾಗಲಿಲ್ಲ.

ಆಮೇಲೆ ಎಲ್ಲ ಸುಸೂತ್ರವಾಯಿತೆಂದರೆ ಸುಳ್ಳಾಗುತ್ತದೆ. ಹುಡುಗಿಗೆ ಮಾತು ಕೆಲವೇ, ಅವೂ ಅವಳಿಗೆ ಬೇಕೆನಿಸಿದಾಗ. ಇಡೀ ದಿನ ಅತ್ತ ದಿನಗಳು ಎಷ್ಟೋ. ಆದರೆ ದಿನವೂ ಸಂಜೆ ಹೊಸಿಲಾಚೆಯಿಂದ ನೆಟಿಗೆ, ಅದನ್ನು ನೋಡಲು ಗೋಣಿಚೀಲದಿಂದ ಹೊರಬರುವ ಮುಖ, ಇದೊಂದು ತಪ್ಪಲಿಲ್ಲ. ಸೊಪ್ಪಿನ ಕೆಲಸ ಮುಗಿದು ಮಹದೇವ ಹಾಸ್ಟೆಲ್ಲಿನ ಮಾತು ಎತ್ತಿದಾಗ ದೊಡ್ಡತಾಯಮ್ಮ ಎಲೆಅಡಿಕೆ ಉಗಿದು ಬಂದು, ‘ಯಾರ್ ನೋಡ್ಕತಾರ್ಲಾ ಅಲ್ಲಿ? ಎಲ್ಲಾ ಬಂದು ಮುಟ್ತಾರೆ ಅಷ್ಟೆ. ನನ್ ಕೂಸ್ನ ಎಲ್ಗೂ ಕಳ್ಸಾಕಿಲ್ಲ’ ಎಂದಳಂತೆ. ಮುಂದಿನ ಜೂನ್‌ನಲ್ಲಿ ಊರ ಶಾಲೆಗೆ ಸೇರಿಸುವ ದಿನ ಮುದುಕಿಯೇ ಮುಂದೆ ನಡೆದಳು. ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳಿಗೆಲ್ಲ ಮೊದಲು ಆಜ್ಞೆ, ‘ಯಾರೂ ಮುಟ್ಟಂಗಿಲ್ಲ, ಜೊತೇಲಿ ಆಡ್ಬೋದು!’, ಆಮೇಲೆ ಮಾಸ್ತರರಿಗೂ ಅದೇ ಆಜ್ಞೆ. ನಾನು ಹಿಂದೆ ನಿಂತಿದ್ದೆ. ನನ್ನ ಭಾಷಣಕ್ಕೆ ಯಾರೂ ಅವಕಾಶ ಕೊಡಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

ಇದೆಲ್ಲ ನೆನಪಾಗಿ ಮೊನ್ನೆ ಕಾಫಿ ಆರಿಹೋಯಿತು. ಹೋದ ವರ್ಷ ದೊಡ್ಡತಾಯಮ್ಮ ತೀರಿಕೊಂಡಾಗ ನಾನು ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದೆ, ಹೋಗಲಾಗಿರಲಿಲ್ಲ. ಘಾಟು ಬಂದ ಮಾರನೇ ದಿನವೇ ಬಸ್ ಹತ್ತಿದೆ.

ಸವಿತಾ ಜಗಲಿಯಲ್ಲಿ ಎಲೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ನನ್ನ ಭುಜದೆತ್ತರ ಬೆಳೆದ ಸಿಂಚನ, ಕಡ್ಡಿಯ ಎರಡೂ ಬದಿಗೆ ಎಲೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತಿದ್ದಳು. ನಾನು ಬಂದದ್ದನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಕೂತು ಮಾತಾಡಿದೆವು. ‘ಅತ್ತೆ ವೋದ್ಮೇಲೆ ಸಂಜೆ ಆಯ್ತಂದ್ರೆ ವಸ್ಲತಾವ ಬಂದು ನಿಂತ್ಕತಾಳೆ ಮೇಡಂ. ಒಂದ್ಗಳ್ಗೆ ನೋಡ್ತಾಳೆ, ಒಳೀಕ್ ವೋಯ್ತಾಳೆ. ನಾನು ದೃಷ್ಟಿ ತಗುದ್ರೆ ನೋಡಾಕಿಲ್ಲ’ ಎಂದು ಸವಿತಾ ಹೇಳಿದಳು.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಹೊಸ ಮಂಡಿಯಲ್ಲಿ ಮೆಟ್ಟಿಲಿಳಿಯುವುದೇ ಒಂದು ಸರ್ಕಸ್ಸು. ಅಂಗಳ ದಾಟಿ, ಉಸಿರು ಬಿಟ್ಟು, ಹೋಗಿ ಬರುತ್ತೇನೆ ಎನ್ನಲು ತಿರುಗಿದೆ. ಸಿಂಚನ ಹೊಸಿಲಲ್ಲಿ ನಿಂತಿದ್ದಳು. ನನ್ನ ಮುಖವನ್ನಲ್ಲ, ನನ್ನ ಮಂಡಿಯನ್ನು ನೋಡುತ್ತಿದ್ದಳು. ಎಲೆಯ ಅಂಟು ಮೆತ್ತಿದ ಎರಡು ಕೈಗಳನ್ನು ಮುಂದೆ ಚಾಚಿ, ಗಾಳಿಯಲ್ಲಿ ಮೇಲಿನಿಂದ ಕೆಳಗೆ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿದಳು.

ಲಟಕ್ಕೆಂದಿತು. ಸವಿತಾಳ ಕೈಯಲ್ಲಿದ್ದ ಕಡ್ಡಿ ಜಾರಿ ಬಿತ್ತು.

ನಾನು ಒಂದು ಹೆಜ್ಜೆಯೂ ಮುಂದಿಡಲಿಲ್ಲ. ಅಂಗಳದಲ್ಲೇ ನಿಂತು, ಅಲ್ಲಿಂದಲೇ ಅವಳಿಗೂ ಹಾಗೇ ನೆಟಿಗೆ ಮುರಿದೆ. ಅವಳು ಪೂರ್ತಿ ನೋಡಿ, ಮತ್ತೆ ಎಲೆ ಜೋಡಿಸಲು ಕೂತಳು.