ದಡದವರ ಪರವಾಗಿ

ಮೆಲ್ಬರ್ನಿನ ಆ ಸಭೆಯಲ್ಲಿ ವೋಟು ನಡೆಯಲೇ ಇಲ್ಲ. ನಾನು ಸೋತು ಬಂದವನಲ್ಲ, ಒಪ್ಪಿ ಬಂದವನು. ವೋಟಾಯಿತು ಎಂದು ಉಲ್ಲಾಸನಿಗೆ ಹೇಳಿದವನು ನಾನೇ. ಅದನ್ನು ನಂಬಿ ನನ್ನ ಪರವಾಗಿ ಎದ್ದು ನಿಂತವನನ್ನು ತುಂಬಿದ ಸಭೆಯಲ್ಲಿ ಸುಳ್ಳುಗಾರನನ್ನಾಗಿ ಮಾಡಿದವನೂ ನಾನೇ. ಮೊದಲನೆಯದು ಸುಳ್ಳು. ಎರಡನೆಯದು — ಅದಕ್ಕೆ ಏನೆಂದು ಹೆಸರಿಡಬೇಕೋ ನನಗಿನ್ನೂ ತಿಳಿದಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಉಲ್ಲಾಸನ ಬಗ್ಗೆ ಹೆಚ್ಚು ಆಡಿಕೊಂಡದ್ದು ಸಿಡ್ನಿಯ ನಮ್ಮ ಕನ್ನಡ ಮನೆಗಳಲ್ಲೇ. ಹುಟ್ಟುಹಬ್ಬಗಳಲ್ಲಿ, ಸತ್ಯನಾರಾಯಣ ಪೂಜೆಯ ಊಟದಲ್ಲಿ — ತಟ್ಟೆ ಹಿಡಿದು ನಾನೂ ಪಕ್ಕದಲ್ಲೇ ನಿಂತಿರುತ್ತಿದ್ದೆ.

ನನ್ನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕ್ವೇಕರ್ಸ್ ಹಿಲ್‌ನ ಶ್ರೀಧರ, ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಮೀನು ತಿನ್ನದವನು. ಮೀನು ತಿನ್ನದವನಿಗೆ ಮೀನು ಹಿಡಿಯುವ ಹುಚ್ಚು ಹತ್ತಿಸಿದವನು ಉಲ್ಲಾಸ. ಅಂಕೋಲೆಯ ಕಡೆಯವನು. ಇಲ್ಲಿಗೆ ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ರೈಲು ಸಿಗ್ನಲ್‌ಗಳ ಇಂಜಿನಿಯರ್ ಆಗಿ ಮಾರ್ಸ್ಡನ್ ಪಾರ್ಕಿನಲ್ಲಿ ಮನೆ ಕಟ್ಟಿಕೊಂಡಿದ್ದ. ಶನಿವಾರ ಬೆಳಗಾದರೆ ನನ್ನನ್ನು ಕಾರಿಗೆ ಹತ್ತಿಸಿಕೊಂಡು ಬಂದರಿನಲ್ಲಿ ನೀರಿನೊಳಕ್ಕೆ ಚಾಚಿದ ಹಳೆಯ ಜೆಟ್ಟಿಗೆ ಹೊರಡುತ್ತಿದ್ದ. ಗಾಳ ಎಸೆಯುವುದನ್ನು ಕಲಿಸಿದ. ಅದಕ್ಕಿಂತ ಕಷ್ಟದ್ದು, ಸುಮ್ಮನೆ ನಿಲ್ಲುವುದು, ಅದನ್ನೂ ಕಲಿಸಿದ. ನಾನು ಹಿಡಿದದ್ದನ್ನು ನೀರಿಗೆ ಬಿಡುತ್ತಿದ್ದೆ, ಇಲ್ಲವೇ ಅವನ ಬಕೆಟ್ಟಿಗೆ ಹಾಕುತ್ತಿದ್ದೆ. ಸಂಜೆ ಅವನ ಮನೆಯಲ್ಲಿ ಎಲ್ಲರಿಗೂ ಮೀನುಸಾರು, ನನಗೊಬ್ಬನಿಗೆ ಅವನ ಹೆಂಡತಿ ವಿದ್ಯಾ ಬೇಳೆ ಸಾರು ಮಾಡಿಡುತ್ತಿದ್ದರು.

ಆ ಜೆಟ್ಟಿಯಲ್ಲಿ ನಮ್ಮಂಥವರೇ ಹೆಚ್ಚು. ನಾಲ್ಕೈದು ಕನ್ನಡದ ಮನೆಗಳು, ಲೆಬನಾನಿನ ಜಾರ್ಜ್, ವಿಯೆಟ್ನಾಮಿನ ಅಕ್ಕತಂಗಿಯರು, ಫಿಲಿಪೀನ್ಸಿನ ಸಂಸಾರಗಳು. ಯಾರಿಗೂ ಬೋಟಿಲ್ಲ. ಸಿಕ್ಕಿದ್ದು ಅಂದಿನ ಅಡುಗೆಗೆ. ಕೆಂಪು ಛಾಯೆಯ ಸ್ನಾಪರ್ ಮೀನೊಂದು ಸಿಕ್ಕಿದರೆ ಇಡೀ ಜೆಟ್ಟಿಗೇ ಸುದ್ದಿ.

ಆ ಸ್ನಾಪರ್ ಕಡಿಮೆಯಾಗುತ್ತಿದೆ ಎಂದು ಸಿಡ್ನಿಯ ನಮ್ಮ ರಾಜ್ಯ, ಮೆಲ್ಬರ್ನಿನ ಪಕ್ಕದ ರಾಜ್ಯ ಎರಡೂ ಸೇರಿ ಒಂದು ಸಮಿತಿ ಮಾಡಿದವು. ಮೀನು ಮಾರುವವರಿಗೆಷ್ಟು, ಹವ್ಯಾಸಕ್ಕೆ ಹಿಡಿಯುವವರಿಗೆಷ್ಟು ಎಂದು ಹಂಚುವ ಸಮಿತಿ. ವ್ಯಾಪಾರದವರಿಗೆ ಅಲ್ಲಿ ಕುರ್ಚಿಗಳಿದ್ದವು, ಬೋಟ್ ಕ್ಲಬ್‌ಗಳಿಗೂ ಇದ್ದವು. "ಸಮುದ್ರ ಎಲ್ಲರದ್ದು ಅಂತ್ರು, ಮಾತಾಡೂಕೆ ಮಾತ್ರ ಬೋಟ್ ಬೇಕು" ಎಂದು ಉಲ್ಲಾಸ ಸಿಡಿದೆದ್ದ. ಊರೂರು ಅಲೆದ, ಸಹಿ ಹಾಕಿಸಿದ, ಕಚೇರಿಗಳಿಗೆ ಹೋಗಿ ಕೂತ. ಕೊನೆಗೂ ದಡದಲ್ಲಿ ನಿಂತು ಹಿಡಿಯುವವರಿಗೆಂದು ಒಂದು ಕುರ್ಚಿ ಸಿಕ್ಕಿತು.

ಅದರಲ್ಲಿ ಅವನೇ ಕೂರಬೇಕಿತ್ತು. ಆದರೆ ನನ್ನ ಇಂಗ್ಲಿಷ್ ಚೆನ್ನಾಗಿದೆ, ಶ್ರೀಧರ ಸಮಾಧಾನದ ಮನುಷ್ಯ ಎಂದು ಎಲ್ಲರೂ ನನ್ನನ್ನು ಆರಿಸಿದರು. ಅವನೂ ಹಾಗೇ ಅಂದ — "ನಾ ಹೋದ್ರೆ ಜಗಳ ಮಾಡಿ ಬರ್ತೆ ಮಾರಾಯ. ನೀ ಹೋಗು. ಒಂದೇ ಒಂದು ನೆನಪಿಡು, ಸೈಜ್ ಮುಟ್ಟೂಕೆ ಬಿಡಬೇಡ."

ವಿಷಯ ಇಷ್ಟೇ. ಒಬ್ಬರು ದಿನಕ್ಕೆ ಎಷ್ಟು ಮೀನು ಒಯ್ಯಬಹುದು ಎಂಬುದನ್ನು ಇಳಿಸಿದರೆ ನಷ್ಟ ಬೋಟಿನವರಿಗೆ. ತುಂಬ ಹಿಡಿಯುವವರು ಅವರು. ಒಯ್ಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಹೆಚ್ಚಿಸಿದರೆ, ಕೇಳಲು ಎಲ್ಲರಿಗೂ ಒಂದೇ ನಿಯಮ, ಆದರೆ ದೊಡ್ಡ ಮೀನು ದಡಕ್ಕೆ ಬರುವುದೇ ಅಪರೂಪ. ಜೆಟ್ಟಿಯವರು ಹಿಡಿದದ್ದನ್ನೆಲ್ಲ ಮರಳಿ ನೀರಿಗೆ ಬಿಡಬೇಕಾಗುತ್ತದೆ. ನನಗಿದು ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿಲ್ಲದೆ ಆಯಿತು ಎನ್ನುವ ದಾರಿ ನನಗಿಲ್ಲ.

ಸಭೆಯ ಹಿಂದಿನ ದಿನ ಮೆಲ್ಬರ್ನಿಗೆ ಹೋದೆ. ಬೋಟ್ ಕ್ಲಬ್‌ಗಳ ಮುಖ್ಯಸ್ಥ ಗ್ರೆಗ್ ತಾನೇ ಫೋನ್ ಮಾಡಿ, ಮರುದಿನ ಬೆಳಿಗ್ಗೆ ತನ್ನ ಬೋಟಿನಲ್ಲಿ ಕೊಲ್ಲಿಗೆ ಕರೆದೊಯ್ದ. ಜೀವನದಲ್ಲಿ ಮೊದಲ ಬಾರಿ ತೋಳುದ್ದದ ಸ್ನಾಪರ್ ನನ್ನ ಗಾಳಕ್ಕೆ ಬಿತ್ತು. ಬೋಟಿನಲ್ಲಿದ್ದವರೆಲ್ಲ ಕೂಗಿದರು, ಬೆನ್ನು ತಟ್ಟಿದರು, ಫೋಟೋ ತೆಗೆದರು. ಈ ದೇಶಕ್ಕೆ ಬಂದು ಎಷ್ಟೋ ವರ್ಷವಾಗಿತ್ತು. ಇಲ್ಲಿನವರ ನಡುವೆ ಅಷ್ಟು ಹಗುರಾಗಿ ನಾನು ಯಾವತ್ತೂ ನಕ್ಕಿರಲಿಲ್ಲ. ದಡಕ್ಕೆ ಮರಳುವಾಗ ಗ್ರೆಗ್ ಹೇಳಿದ — ನೀನು ಮಾತು ಕೇಳುವವನು, ಮುಂದೆ ರಚನೆಯಾಗುವ ಕಾಯಂ ಮಂಡಳಿಗೆ ನಿನ್ನಂಥವರು ಬೇಕು. ಅವನು ಬೆದರಿಸಲಿಲ್ಲ. ಏನನ್ನೂ ಕೇಳಲೂ ಇಲ್ಲ. ಅಷ್ಟು ಸಾಕಾಯಿತು ನನಗೆ.

ಮಧ್ಯಾಹ್ನ ಸಭೆ. ಎಲ್ಲ ಪ್ರತಿನಿಧಿಗಳೂ ಒಪ್ಪಿದರೆ ಮಾತ್ರ ಶಿಫಾರಸು ಎಂಬ ನಿಯಮ ಅಲ್ಲಿಗೆ ಹೋದ ಮೇಲೆಯೇ ನನಗೆ ತಿಳಿದದ್ದು. ಅಂದರೆ ನನ್ನ ಒಂದು 'ಇಲ್ಲ' ಸಾಕಿತ್ತು. ಉದ್ದ ಹೆಚ್ಚಿಸುವ ಪ್ರಸ್ತಾಪ ಬಂತು. ಅಧ್ಯಕ್ಷೆ ನನ್ನತ್ತ ತಿರುಗಿ, ದಡದವರ ಅಭಿಪ್ರಾಯವೇನು ಎಂದು ಕೇಳಿದರು. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಗ್ರೆಗ್ ನನ್ನತ್ತ ನೋಡುತ್ತಲೂ ಇರಲಿಲ್ಲ, ನೀರು ಕುಡಿಯುತ್ತಿದ್ದ.

"ನಮ್ಮವರಿಗೆ ತೊಂದರೆಯಿಲ್ಲ" ಎಂದೆ.

ನಮ್ಮವರು! ನನಗೆ ತೊಂದರೆಯಿರಲಿಲ್ಲ — ನಾನು ಹೇಗೂ ಮೀನನ್ನು ನೀರಿಗೇ ಬಿಡುವವನು. ನನ್ನ ಮನೆಯ ಒಲೆಯ ಮೇಲೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಸಿಡ್ನಿಯ ಏರ್‌ಪೋರ್ಟಿಗೆ ಉಲ್ಲಾಸ ಬಂದಿದ್ದ. ಬ್ಯಾಗ್ ಕೈಗೆತ್ತಿಕೊಳ್ಳುತ್ತ, "ಎಂತ ಆಯ್ತು?" ಎಂದ. ಬಂದು ಕಾರು ಹತ್ತಿದೆವು. ಆಮೇಲೆ, "ವೋಟಿಗೆ ಹಾಕಿದ್ರು ಕಣೋ. ನಾನೊಬ್ಬನೇ ವಿರೋಧ. ಏನೂ ಮಾಡೋಕಾಗ್ಲಿಲ್ಲ" ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು! ಅವನು ಸ್ಟಿಯರಿಂಗ್ ಮೇಲೆ ಒಮ್ಮೆ ಗುದ್ದಿದ. ನಂತರ ನನ್ನ ಭುಜ ಮುಟ್ಟಿ, "ನೀ ಬೇಜಾರ್ ಮಾಡ್ಕಬೇಡ. ಒಬ್ಬಂವ ಎಂತ ಮಾಡೂಕೆ ಆಗ್ತದೆ?" ಎಂದ.

ಆಗಲೇ ನಿಜ ಹೇಳಬಹುದಿತ್ತು. ಮನೆ ಇನ್ನೂ ದೂರವಿತ್ತು.

ಹೊಸ ನಿಯಮವನ್ನು ವಿವರಿಸಲು ಅಧಿಕಾರಿಗಳು ಸಿಡ್ನಿಯಲ್ಲಿ ಸಾರ್ವಜನಿಕ ಸಭೆ ಕರೆದರು. ಜೆಟ್ಟಿಯವರೆಲ್ಲ ಬಂದರು, ನಿಮ್ಮಲ್ಲಿ ಕೆಲವರೂ ಇದ್ದಿರಿ. ಉಲ್ಲಾಸ ಎದ್ದು ನಿಂತ. ದಡದವರಿಗೆಂದು ಕೊಟ್ಟ ಒಂದು ಕುರ್ಚಿಯನ್ನೂ ವೋಟು ಹಾಕಿ ತುಳಿದಿರಿ, ನಮ್ಮ ಶ್ರೀಧರ ಒಬ್ಬನೇ ನಿಂತು ಬೇಡವೆಂದ ಎಂದು ಇಂಗ್ಲಿಷಿನಲ್ಲಿ ಏರುದನಿಯಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ವೇದಿಕೆಯಲ್ಲಿದ್ದ ಅಧಿಕಾರಿ ಗಲಿಬಿಲಿಗೊಂಡು, "ವೋಟೇ ಇರಲಿಲ್ಲವಲ್ಲ. ಎಲ್ಲರೂ ಒಪ್ಪಿದ್ದರು. ನಿಮ್ಮ ಪ್ರತಿನಿಧಿ ಇಲ್ಲೇ ಇದ್ದಾರೆ, ಕೇಳಿ" ಎಂದರು.

ಉಲ್ಲಾಸ ನನ್ನತ್ತ ತಿರುಗಿದ. ಕನ್ನಡದಲ್ಲೇ ಕೇಳಿದ — "ಹೇಳು ಶ್ರೀಧರ. ನಡೆದದ್ದು ಹೇಳು."

ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ. ಉಲ್ಲಾಸ್ ತಪ್ಪು ತಿಳಿದುಕೊಂಡಿದ್ದಾರೆ ಎಂದೆ. ವೋಟಿನ ಮಾತು ನಾನು ಆಡಿಯೇ ಇಲ್ಲ ಎಂದೆ. ಅಲ್ಲಿಗೂ ನಿಲ್ಲಲಿಲ್ಲ — ಒಪ್ಪದಿದ್ದರೆ ಜೆಟ್ಟಿಯನ್ನೇ ಮುಚ್ಚುವ ಮಾತಿತ್ತು, ಅದನ್ನು ಉಳಿಸಲು ಒಪ್ಪಿದೆ, ಇದನ್ನೆಲ್ಲ ಅವನಿಗೆ ಅಂದೇ ವಿವರಿಸಿದ್ದೆ ಎಂದೆ. ಜೆಟ್ಟಿ ಮುಚ್ಚುವ ಮಾತನ್ನು ಯಾರೂ, ಎಲ್ಲಿಯೂ ಆಡಿರಲಿಲ್ಲ. ಅದು ಆ ಕ್ಷಣ ನನ್ನ ಬಾಯಲ್ಲಿ ಹುಟ್ಟಿದ್ದು. ಅಧಿಕಾರಿ ಹುಬ್ಬೇರಿಸಿದರು, ಆದರೆ ಕೋಪಗೊಂಡ ಜನ ತಣ್ಣಗಾಗುತ್ತಿದ್ದುದರಿಂದಲೋ ಏನೋ ಸುಮ್ಮನಾದರು.

ಉಲ್ಲಾಸ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಗುರುತು ಸಿಗದವರನ್ನು ನೋಡುತ್ತೇವಲ್ಲ — ಹಾಗೆ. ಕುರ್ಚಿಯ ಮೇಲಿದ್ದ ಜಾಕೆಟ್ ತೆಗೆದುಕೊಂಡು ಹೊರಗೆ ಹೋದ.

ಮುಂದಿನದು ನಿಮಗೆ ಗೊತ್ತು. ಜೆಟ್ಟಿ ಉಳಿಸಿದವನು ನಾನಾದೆ, ಜನರನ್ನು ಎತ್ತಿಕಟ್ಟುವವನು ಅವನಾದ. "ಅವ್ನಿಗೆ ಲೀಡರ್ ಆಗ್ಬೇಕಿತ್ತು, ಅದಕ್ಕೇ ಕಥೆ ಕಟ್ದ" ಎಂದು ಆಡಿಕೊಂಡಿರಿ. ವಿದ್ಯಾ ಹಬ್ಬದೂಟಗಳಿಗೆ ಬರುವುದನ್ನು ನಿಲ್ಲಿಸಿದರು. ಒಂದು ಬೇಸಿಗೆಯಲ್ಲಿ ಅವರು ಮನೆ ಮಾರಿ ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಹೋದರೆಂದು ಕೇಳಿದೆ. ಉಲ್ಲಾಸ ಯಾರ ಬಳಿಯೂ ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ — ನನಗೆ ಜಗಳಕ್ಕಾದರೂ ಒಬ್ಬ ಸಿಗುತ್ತಿದ್ದ. ಕಾಯಂ ಮಂಡಳಿಯ ಕುರ್ಚಿ ನನಗೆ ಬಂತು. ಅದರಲ್ಲಿ ಕೂತು ನಾನು ಇಷ್ಟು ವರ್ಷ ಪೆನ್ನು ತಿರುಗಿಸಿದ್ದೇನೆ, ಎದ್ದು ಕಾಫಿಗೆ ಹೋಗಿದ್ದೇನೆ, ಮತ್ತೆ ಬಂದು ಕೂತಿದ್ದೇನೆ. ಜೆಟ್ಟಿಗೆ ಮಾತ್ರ ಹೋಗಲಾಗುತ್ತಿರಲಿಲ್ಲ.

ಈ ವರ್ಷ ಮಂಡಳಿಗೆ ಬಂದ ಹೊಸ ಸದಸ್ಯೆಯೊಬ್ಬರು, ವಲಸಿಗರ ಪ್ರತಿನಿಧಿ ಎಂದರೆ ಹೇಗಿರಬೇಕೆಂದು ನಿಮ್ಮನ್ನು ನೋಡಿ ಕಲಿಯಬೇಕು ಎಂದರು. ನಿಜವಾಗಿ ಮೆಚ್ಚಿಯೇ ಅಂದರು. ನಾನು ಪಾರ್ಕಿಂಗ್‌ಗೆ ಬಂದು ಉಲ್ಲಾಸನಿಗೆ ಫೋನ್ ಮಾಡಿದೆ. ನಂಬರ್ ಅದೇ ಇತ್ತು. ಹೇಳಬೇಕಾದದ್ದನ್ನೆಲ್ಲ ಹೇಳಿದೆ.

"ನಂಗೆ ಹೇಳಿ ಎಂತ ಉಪಯೋಗ?" ಎಂದ ಕೊನೆಗೆ. "ನಂಗೆ ಗೊತ್ತೇ ಇತ್ತಲ. ಗೊತ್ತಿಲ್ದಿದ್ದೋರಿಗೆ ಹೇಳು." ಫೋನ್ ಇಟ್ಟ.

ಮಂಡಳಿಗೆ ರಾಜೀನಾಮೆ ಕೊಟ್ಟೆ, ಕಾರಣವನ್ನೂ ತಿಳಿಸಿದೆ. ಕಳೆದ ಶನಿವಾರ ಜೆಟ್ಟಿಗೆ ಹೋದೆ. ಹಳಬರು ಕೆಲವರೇ ಇದ್ದರು. ವೋಟು ಇರಲಿಲ್ಲ, ಜೆಟ್ಟಿಗೆ ಅಪಾಯವೂ ಇರಲಿಲ್ಲ, ಉಲ್ಲಾಸ ಹೇಳಿದ್ದು ನಾನು ಅವನಿಗೆ ಹೇಳಿದ್ದನ್ನೇ ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಬೈಯಲಿಲ್ಲ. ಜಾರ್ಜ್ ತನ್ನ ದಾರವನ್ನು ನಿಧಾನವಾಗಿ ಸುತ್ತಿಕೊಂಡ. ಗಾಳದ ಕೋಲನ್ನು ಕಂಬಿಗೆ ಒರಗಿಸಿ, ಕೈ ಒರೆಸಿಕೊಂಡು, "ಅವನ ನಂಬರ್ ಕೊಡು" ಎಂದ.

ಕೊಟ್ಟೆ. ವಿಯೆಟ್ನಾಮಿನ ಹಿರಿಯಕ್ಕನೂ ಫೋನ್ ತೆಗೆದು ಬರೆದುಕೊಂಡರು. ಜಾರ್ಜ್ ಜೆಟ್ಟಿಯ ತುದಿಗೆ ನಡೆದು, ನನಗೆ ಬೆನ್ನು ಮಾಡಿ ನಿಂತು ಉಲ್ಲಾಸನ ಜೊತೆ ಫೋನಿನಲ್ಲಿ ಮಾತಾಡತೊಡಗಿದ. ಗಾಳಿಗೆ ಏನೂ ಕೇಳಿಸುತ್ತಿರಲಿಲ್ಲ. ಉಳಿದವರು ಒಬ್ಬೊಬ್ಬರೇ ಅವನ ಸುತ್ತ ಹೋಗಿ ಸೇರಿದರು. ನಾನು ದೂರದಲ್ಲೇ ಉಳಿದೆ. ಫೋನ್ ಕೈಯಿಂದ ಕೈಗೆ ಹೋಗುವುದನ್ನು ನೋಡಿದೆ, ಆಮೇಲೆ ಕಾರಿನ ಕಡೆ ನಡೆದೆ.