ಅಲಿನಾಫೆ ಸಿಸ್ಟರ್ ನಕ್ಕರೆ

ಜೊಂಬಾ ಊರಿನ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಅಲಿನಾಫೆ ಎಂದರೆ ತಾಯಂದಿರಿಗೆಲ್ಲ ಅಚ್ಚುಮೆಚ್ಚು. ಎಂಥ ಹಟಮಾರಿ ಮಗುವನ್ನೂ ನಗುನಗುತ್ತಲೇ ಒಲಿಸಿಕೊಂಡು ಸೂಜಿ ಚುಚ್ಚಿಬಿಡುತ್ತಿದ್ದಳು. ನೋವೇ ಆಗುವುದಿಲ್ಲ ಎನ್ನುತ್ತಿದ್ದಳು. ಅದು ಸುಳ್ಳೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಆರು ವರ್ಷದ ತಿಯಾಮಿಕೆ ಕುದಿಯುವ ಗಂಜಿಯನ್ನು ಕಾಲಿನ ಮೇಲೆ ಚೆಲ್ಲಿಕೊಂಡು ಅಜ್ಜಿಯ ಜೊತೆ ಬಂದು ಸೇರಿದ್ದಳು. ಮೊದಲ ಸಲ ಬ್ಯಾಂಡೇಜ್ ಬದಲಿಸುವಾಗ ಅಲಿನಾಫೆ, "ಸುಮ್ನೆ ನೋಡ್ತೀನಿ ಪುಟ್ಟಿ, ಮುಟ್ಟೋದೂ ಇಲ್ಲ" ಎಂದಳು. ಹುಡುಗಿ ನಂಬಿ ತಾನೇ ಕಾಲು ಚಾಚಿದಳು. ಅಲಿನಾಫೆ ಕಣ್ಸನ್ನೆ ಮಾಡಿದ್ದೇ ಅಜ್ಜಿ ಮಗುವಿನ ಭುಜ ಒತ್ತಿ ಹಿಡಿದಳು. ಅಲಿನಾಫೆ ಒಮ್ಮೆಲೇ ಎಳೆದಳು; ಅಂಟಿಕೊಂಡಿದ್ದ ಬಟ್ಟೆ ಚರ್ಮದ ಸಮೇತ ಕಿತ್ತು ಬಂತು.

ಎರಡು ದಿನ ಕಳೆದು ಪಕ್ಕದ ಮಂಚಕ್ಕೆ ಕೈ ಸುಟ್ಟುಕೊಂಡ ಹುಡುಗನೊಬ್ಬ ಬಂದ. ಟ್ರೇ ಹಿಡಿದು ಹೋದ ಅಲಿನಾಫೆಗೆ ಪರದೆಯಾಚೆ ತಿಯಾಮಿಕೆಯ ದನಿ ಕೇಳಿಸಿತು.

"ಆ ಸಿಸ್ಟರ್ ನಕ್ರೆ ಕೈ ಬಚ್ಚಿಟ್ಕೋ. ನೋವು ಮಾಡೋಕ್ ಮುಂಚೆ ಅವ್ರು ಹಂಗೇ ನಗೋದು."

ಅಲಿನಾಫೆ ಪರದೆ ಸರಿಸಿದಳು. ಆ ಸಾಲಿನ ಮಕ್ಕಳೆಲ್ಲ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು. ಅವಳ ಮುಖಕ್ಕೆ ಬಿಸಿ ಏರಿತು. ಇಷ್ಟು ವರ್ಷ ಮಕ್ಕಳು ತನ್ನೆದುರು ಸುಮ್ಮನಾಗುತ್ತಿದ್ದುದು ಪ್ರೀತಿಯಿಂದ ಎಂದುಕೊಂಡಿದ್ದಳಲ್ಲ! ಟ್ರೇಯನ್ನು ಅಲ್ಲೇ ಇಟ್ಟು ಬಟ್ಟೆ ಒಗೆಯುವ ಕೋಣೆಗೆ ಹೋಗಿ ನಿಂತಳು. ಯಾರ ಮುಖವನ್ನೂ ನೋಡಲಾಗಲಿಲ್ಲ.

ಮರುದಿನ ತಿಯಾಮಿಕೆಯ ಮಂಚದ ಪಕ್ಕ ನೆಲದ ಮೇಲೆ ಕೂತು ತಪ್ಪಾಯಿತು ಎಂದಳು. ಅಜ್ಜಿಗೆ ಮುಜುಗರವಾಯಿತು. "ಬಿಡೀಮ್ಮಾ, ಮಗು ಹತ್ರ ಏನ್ ಕ್ಷಮೆ ಕೇಳ್ತೀರಿ? ಹಿಡ್ಕೊಂಡಿದ್ದು ನಾನೇ ಅಲ್ವಾ?" ಅದನ್ನು ಕೇಳಿ ಅಲಿನಾಫೆಯ ತಲೆ ಇನ್ನಷ್ಟು ತಗ್ಗಿತು. ಹಿಡಿಸಿದ್ದು ತಾನಲ್ಲವೇ.

ಆಮೇಲೆ ತನ್ನ ಕೈಗೇ ಬ್ಯಾಂಡೇಜ್ ಸುತ್ತಿ ಎಲ್ಲವನ್ನೂ ತೋರಿಸಿದಳು. ಮೊದಲು ಬಟ್ಟೆ ನೆನೆಸುತ್ತೇವೆ, ಆದರೂ ಉರಿಯುತ್ತದೆ, ಕಿರುಚಿಕೋ, ನಿಲ್ಲಿಸು ಎಂದರೆ ನಿಲ್ಲಿಸುತ್ತೇವೆ, ತುಸು ಹೊತ್ತು ಬಿಟ್ಟು ಮತ್ತೆ ಮಾಡಲೇಬೇಕು ಎಂದು ವಿವರಿಸಿದಳು.

ಹುಡುಗಿ ಕೊನೆಯವರೆಗೂ ಕೇಳಿಸಿಕೊಂಡಳು. "ಇದೂ ಸುಳ್ಳಾ?"

"ಇಲ್ಲ ಪುಟ್ಟಿ."

"ಹಂಗಾದ್ರೆ ಬೇರೆ ಸಿಸ್ಟರ್ ಮಾಡ್ಲಿ."

ಅಲಿನಾಫೆ ಟ್ರೇಯನ್ನು ಇನ್ನೊಬ್ಬ ನರ್ಸ್ ಕೈಗೆ ಕೊಟ್ಟು ಹೊರಗೆ ನಿಂತಳು. ಒಳಗೆ ಹುಡುಗಿ ನಿಲ್ಲಿಸು ಎಂದು ಕೂಗಿದಳು. ಆ ನರ್ಸ್ ನಿಲ್ಲಿಸಿದಳು.

ಅಂದಿನಿಂದ ಅಲಿನಾಫೆ ಪ್ರತಿ ಮಗುವಿಗೂ ಇದ್ದದ್ದನ್ನು ಇದ್ದ ಹಾಗೇ ಹೇಳತೊಡಗಿದಳು. ಈಗ ಮಕ್ಕಳು ಸೂಜಿ ಚುಚ್ಚುವ ಮೊದಲೇ ಅಳುತ್ತಿದ್ದರು. ಸುಮ್ಮನೆ ಹೆದರಿಸುತ್ತಾಳೆಂದು ಕೆಲವು ತಾಯಂದಿರು ಗೊಣಗಿದರು.

ತಿಯಾಮಿಕೆ ಕುಂಟುತ್ತ ಮನೆಗೆ ಹೊರಟ ದಿನ, ಸಿಸ್ಟರ್‌ಗೆ ಹೋಗಿಬರುತ್ತೇನೆ ಅನ್ನು ಎಂದು ಅಜ್ಜಿ ಗದರಿದಳು. ಹುಡುಗಿ ಅಜ್ಜಿಯ ಹಿಂದೆ ಸರಿದಳು. ಬಲವಂತ ಮಾಡಬೇಡಿ ಎಂದು ಹೇಳಿ ಅಲಿನಾಫೆ ಮಂಚದ ಹಾಸಿಗೆಬಟ್ಟೆ ತೆಗೆಯತೊಡಗಿದಳು.